ಪಿಪಿಇ ಕಿಟ್ ಹಾಕಿಕೊಂಡ ಆಸ್ಪತ್ರೆ ಸಿಬ್ಬಂದಿಗೂ ಸೋಂಕು ಯಾಕೆ ತಗುಲಿತು?

"ಕೋವಿಡ್ ಸಮಯದಲ್ಲಿ ತಲೆಯಿಂದ ಕಾಲಿನ ತನಕ ಕಿಟ್ ಹಾಕಿಕೊಂಡವರಿಗೂ ಸೋಂಕು ಬಂತಲ್ಲ, ಹಾಗಾದರೆ ಆ ಕಿಟ್‌ನಿಂದ ಏನು ಉಪಯೋಗ? ನನ್ನ ತಂಗಿ ಈಗಷ್ಟೇ ನರ್ಸ್ ಕೆಲಸಕ್ಕೆ ಸೇರುತ್ತಿದ್ದಾಳೆ. ಮತ್ತೆ ಅಂಥ ಕಾಯಿಲೆ ಬಂದರೆ ಅವಳು ಏನು ಮಾಡಬೇಕು? ಅವಳು ಕನ್ನಡಕ ಬೇರೆ ಹಾಕುತ್ತಾಳೆ" ಅಂತ ಕೇಳಿದ್ದೀರಿ.

ನಾನು ಕೋವಿಡ್ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ದಿನಾ ಕಿಟ್ ಹಾಕಿಕೊಂಡೂ ಪಾಸಿಟಿವ್ ಆದವಳು. ಆದ್ದರಿಂದ ಈ ಪ್ರಶ್ನೆಯನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ನನಗೆ ರೋಗಿಯಿಂದ ಸೋಂಕು ಬಂತು ಅಂತ ನನಗೆ ಅನ್ನಿಸುವುದಿಲ್ಲ. ವಾರ್ಡಿನೊಳಗೆ ನಾವು ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿದ್ದೆವು. ಹೊರಗೆ ಬಂದು ಸ್ಟಾಫ್ ರೂಮಿಗೆ ಹೋದ ತಕ್ಷಣ ಎಲ್ಲ ಸಡಿಲ. ಚಿಕ್ಕ ಕೋಣೆ, ಇದ್ದ ಒಂದು ಕಿಟಕಿಯನ್ನೂ ಎಸಿಗಾಗಿ ಮುಚ್ಚಿದ್ದರು. ನಾಲ್ಕು ಜನ ಮಾಸ್ಕ್ ತೆಗೆದು ಮಂಡಿಗೆ ಮಂಡಿ ತಾಗುವ ಹಾಗೆ ಕೂತು ಊಟ ಮಾಡುತ್ತಿದ್ದೆವು. ಒಂದು ದಿನ ಒಬ್ಬಳು "ಗಂಟಲು ಯಾಕೋ ಕೆರೆಯುತ್ತಿದೆ, ಎಸಿಗೆ ಇರಬೇಕು" ಅಂದಳು. ನಾವೂ ಹೌದು ಅಂದೆವು. ರಜೆ ಹಾಕಿದರೆ ಸಂಬಳ ಹಿಡಿಯುತ್ತಾರೆ ಅಂತ ಅವಳು ಇನ್ನೆರಡು ದಿನ ಡ್ಯೂಟಿಗೆ ಬಂದಳು. ವಾರ ತುಂಬುವುದರೊಳಗೆ ನಾಲ್ವರಲ್ಲಿ ಮೂವರು ಮನೆಯಲ್ಲಿ ಮಲಗಿದ್ದೆವು.

ಇಲ್ಲಿ ಕಿಟ್ ತಪ್ಪು ಏನಿದೆ ಹೇಳಿ? ಹುಷಾರಿಲ್ಲದವರು ಸಂಬಳದ ಚಿಂತೆ ಇಲ್ಲದೆ ಮನೆಯಲ್ಲಿ ಇರುವ ಹಾಗಿರಬೇಕಿತ್ತು. ಕಿಟಕಿ ತೆರೆದಿರಬೇಕಿತ್ತು. ಊಟಕ್ಕೆ ಇಬ್ಬಿಬ್ಬರಾಗಿ ಕಳಿಸಬೇಕಿತ್ತು. ಇವೆಲ್ಲ ಆದ ಮೇಲೆ ಉಳಿದ ಅಪಾಯಕ್ಕೆ ಅಡ್ಡ ನಿಲ್ಲುವುದು ಕಿಟ್. ನಮ್ಮಲ್ಲಿ ಅದನ್ನೇ ಮೊದಲು ಕೊಟ್ಟು, ಉಳಿದದ್ದನ್ನು ಮರೆತರು.

ಸಿಬ್ಬಂದಿಗೆ ಹರಡುವುದು ಹೊಸ ಕಥೆಯೇನೂ ಅಲ್ಲ. 2003ರಲ್ಲಿ ಕೋವಿಡ್‌ನ ಹಾಗೆಯೇ ಉಸಿರಾಟದ ಕಾಯಿಲೆಯಾದ ಸಾರ್ಸ್ ಬಂದಾಗ ಜಗತ್ತಿನಾದ್ಯಂತ ಸುಮಾರು 8,000 ಜನರಿಗೆ ಸೋಂಕು ತಗುಲಿತು. ಅವರಲ್ಲಿ ಐವರಲ್ಲಿ ಒಬ್ಬರು ಆರೋಗ್ಯ ಸಿಬ್ಬಂದಿ. ವಿಯೆಟ್ನಾಂನ ಹನೋಯ್‌ನಲ್ಲಿ ಇದು ಹೊಸ ಕಾಯಿಲೆ ಅಂತ ಮೊದಲು ಎಚ್ಚರಿಸಿದ ಡಾ. ಕಾರ್ಲೋ ಉರ್ಬಾನಿ ಅದೇ ಕಾಯಿಲೆಯಿಂದ ತೀರಿಕೊಂಡರು. ಕೋವಿಡ್‌ನಲ್ಲಿ 2020ರ ಜನವರಿಯಿಂದ 2021ರ ಮೇವರೆಗೆ 80,000ದಿಂದ 1,80,000 ಆರೋಗ್ಯ ಸಿಬ್ಬಂದಿ ಸತ್ತಿರಬಹುದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಗಾಳಿಯ ಲೆಕ್ಕ ನನಗೆ ತಡವಾಗಿ ಗೊತ್ತಾಯಿತು. ಕೋಣೆಯ ಗಾಳಿ ಗಂಟೆಗೆ 12 ಸಲ ಬದಲಾದರೆ, ಅದರಲ್ಲಿ ತೇಲುವ ಕಣಗಳಲ್ಲಿ ಶೇ. 99ರಷ್ಟು ಹೊರಹೋಗಲು ಸುಮಾರು 23 ನಿಮಿಷ ಬೇಕು. 6 ಸಲ ಆದರೆ 46 ನಿಮಿಷ. ಅದೂ ಕೆಮ್ಮುವವರು ಕೋಣೆ ಬಿಟ್ಟು ಹೋದ ಮೇಲಿನ ಲೆಕ್ಕ. ಮುಚ್ಚಿದ ಕೋಣೆಯಲ್ಲಿ ಎಸಿ ಹಾಕಿದರೆ ತಣ್ಣಗಾಗುತ್ತದೆ, ಆದರೆ ಮಾಮೂಲಿ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತಾ ಇರುತ್ತದೆ. ನಾವು ದಿನಕ್ಕೆ ಹತ್ತು ಸಲ ಮೇಜು ಒರೆಸಿದೆವು, ಬಾಗಿಲ ಹಿಡಿಕೆ ಒರೆಸಿದೆವು. ಕಿಟಕಿ ಮಾತ್ರ ತೆಗೆಯಲಿಲ್ಲ!

ಐಸೋಲೇಷನ್ ಕೋಣೆಯ ಗಾಳಿ ಹೊರಗೆ ಕಾರಿಡಾರಿಗೆ ಬರುತ್ತಿದೆಯಾ ಅಂತ ನೋಡಲು ಯಂತ್ರ ಇಲ್ಲದಿದ್ದರೂ ನಡೆಯುತ್ತದೆ. ಬಾಗಿಲು ಮುಚ್ಚಿ, ಹೊರಗೆ ನಿಂತು, ಕೆಳಗಿನ ಸಂದಿಯ ಹತ್ತಿರ ಒಂದು ಟಿಶ್ಯೂ ಚೂರು ಹಿಡಿಯಿರಿ. ಅದು ಕೋಣೆಯ ಕಡೆಗೆ ವಾಲಬೇಕು. ನಿಮ್ಮ ಕಡೆಗೆ ಬಂದರೆ ಎಂಜಿನಿಯರನ್ನು ಕರೆಯುವ ಹೊತ್ತಾಯಿತು ಅಂತ ಅರ್ಥ.

ಇನ್ನು ಕಿಟ್ ವಿಷಯ. ಹಾಕಿಕೊಳ್ಳುವಾಗ ಎಲ್ಲರೂ ಹುಷಾರಾಗಿರುತ್ತಾರೆ, ತೆಗೆಯುವಾಗಲೇ ಎಡವುವುದು. ಆರು ಗಂಟೆ ನೀರು ಕುಡಿದಿರುವುದಿಲ್ಲ, ಬೆವರಿಗೆ ಬೆನ್ನೆಲ್ಲ ಅಂಟಂಟು, ಮೂಗಿನ ಮೇಲೆ ಕಡಿತ. ಯಾವಾಗ ಬಿಚ್ಚಿ ಎಸೆಯುತ್ತೇನೋ ಅನ್ನಿಸುತ್ತಿರುತ್ತದೆ. ಆ ಅವಸರದಲ್ಲಿ ಗ್ಲೌಸ್ ಕೈ ಸೀದಾ ಮುಖಕ್ಕೆ ಹೋಗುತ್ತದೆ. ನಾವು ಕಲಿತ ಕ್ರಮ ಹೀಗೆ: ಮೊದಲು ಗ್ಲೌಸ್, ಆಮೇಲೆ ಕಣ್ಣಿನ ರಕ್ಷಣೆಯ ಗಾಗಲ್ಸ್ ಅಥವಾ ಫೇಸ್ ಶೀಲ್ಡ್, ಆಮೇಲೆ ಗೌನನ್ನು ಒಳಭಾಗ ಹೊರಗೆ ಬರುವ ಹಾಗೆ ಸುತ್ತಿ ತೆಗೆಯುವುದು. ಎನ್95 ಮಾಸ್ಕ್ ಮಾತ್ರ ಕೊನೆಗೆ, ಕೋಣೆಯಿಂದ ಹೊರಗೆ ಬಂದು ಬಾಗಿಲು ಮುಚ್ಚಿದ ಮೇಲೆ. ಅದರ ಮುಂಭಾಗ ಮುಟ್ಟಬಾರದು. ಕೆಳಗಿನ ಪಟ್ಟಿ ಮೊದಲು, ಮೇಲಿನದು ಆಮೇಲೆ. ಕೈ ಕೊಳೆಯಾಯಿತು ಅನ್ನಿಸಿದಾಗಲೆಲ್ಲ ನಡುವೆಯೇ ಸ್ಯಾನಿಟೈಸರ್ ಹಾಕಿ ಉಜ್ಜಬೇಕು, ಎಲ್ಲ ಮುಗಿದ ಮೇಲೆ ಮತ್ತೊಮ್ಮೆ.

ಎದುರಿಗೆ ಒಬ್ಬರು ನಿಂತು ಒಂದೊಂದೇ ಹೆಜ್ಜೆ ಹೇಳುತ್ತಿದ್ದರೆ ಬಹಳ ಉಪಕಾರ. 2014ರ ಎಬೋಲಾ ಸಮಯದಲ್ಲಿ ಇದನ್ನು ಕಡ್ಡಾಯ ಅನ್ನುವಷ್ಟು ಗಟ್ಟಿಯಾಗಿ ಹೇಳಿದರು. ನಮ್ಮಲ್ಲಿ ಒಬ್ಬ ಹಿರಿಯ ಸಿಸ್ಟರ್ "ನಿಲ್ಲು, ಕೈ ಕೆಳಗೆ" ಅಂತ ಗದರುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು, ಈಗ ಅವರನ್ನು ನೆನೆಸಿಕೊಳ್ಳದ ದಿನವಿಲ್ಲ.

ಗ್ಲೌಸ್ ಬಗ್ಗೆ ಒಂದು ಮಾತು. ಗ್ಲೌಸ್ ಹಾಕಿಕೊಂಡು ಫೋನ್ ಹಿಡಿದರೆ ರೋಗಿಯ ಹಾಸಿಗೆಯನ್ನೇ ಜೇಬಿಗೆ ಹಾಕಿಕೊಂಡ ಹಾಗೆ. ಅಷ್ಟೇ.

ಸ್ವಚ್ಛತೆಯವರು, ಸ್ಟ್ರೆಚರ್ ತಳ್ಳುವವರು, ಲಾಂಡ್ರಿಯವರು ಕೂಡ ಸಿಬ್ಬಂದಿಯೇ ಅಲ್ವಾ? ಅವರೂ ಅದೇ ಕೋಣೆಯಲ್ಲಿ ಅದೇ ಗಾಳಿ ಉಸಿರಾಡುತ್ತಾರೆ. ಡಾಕ್ಟರಿಗೆ ಎನ್95 ಕೊಟ್ಟು ಅವರಿಗೆ ಸಡಿಲ ಸರ್ಜಿಕಲ್ ಮಾಸ್ಕ್ ಕೊಡುವುದನ್ನು ನಾನು ನೋಡಿದ್ದೇನೆ. ಅನ್ಯಾಯ ಅನ್ನುವುದು ಒಂದು ಕಡೆ ಇರಲಿ, ಅವರಿಗೆ ಬಂದರೆ ಇಡೀ ವಾರ್ಡಿಗೆ ಬರುತ್ತದೆ.

ತಂಗಿ ಸೇರಿದ ವಾರದಲ್ಲೇ ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ನೋಡಿಕೊಳ್ಳಲಿ. ಆಮೇಲೆ "ಇಲ್ಲಿ ಫಿಟ್ ಟೆಸ್ಟ್ ಮಾಡುತ್ತೀರಾ?" ಅಂತ ಸಂಕೋಚ ಇಲ್ಲದೆ ಕೇಳಲಿ. ಮಾಸ್ಕ್ ಹಾಕಿಸಿ, ತಲೆಯ ಮೇಲೆ ಪಾರದರ್ಶಕ ಹುಡ್ ಇಟ್ಟು, ಒಳಗೆ ಸ್ಯಾಕರಿನ್ ಅನ್ನುವ ಸಿಹಿ ದ್ರಾವಣ ಸಿಂಪಡಿಸುತ್ತಾರೆ. ಬಾಯಲ್ಲಿ ಸಿಹಿ ಗೊತ್ತಾದರೆ ಆ ಮಾಸ್ಕ್ ಆ ಮುಖಕ್ಕೆ ಕೂತಿಲ್ಲ. ನನಗೆ ಮೊದಲ ಮಾಸ್ಕ್‌ನಲ್ಲೇ ನಾಲಿಗೆಯೆಲ್ಲ ಸಿಹಿ! ಅದೇ ಮಾಡೆಲ್ ಹಾಕಿಕೊಂಡು ನಾನು ಎಷ್ಟೋ ತಿಂಗಳು ಕೆಲಸ ಮಾಡಿದ್ದೆ. ಎನ್95 ಬಟ್ಟೆಗೆ ವಿದ್ಯುತ್ ಚಾರ್ಜ್ ಇರುತ್ತದೆ, ಸಣ್ಣ ಕಣ ಹಿಡಿಯುವುದರಲ್ಲಿ ಅದರ ಪಾಲು ದೊಡ್ಡದು. ಅದರ ಮೇಲೆ ಸ್ಯಾನಿಟೈಸರ್ ಸಿಂಪಡಿಸಿದರೆ ಆ ಚಾರ್ಜ್ ಹಾಳು. ಇದನ್ನೂ ನಾವು ಮಾಡಿದ್ದೆವು.

ಕನ್ನಡಕದ ವಿಷಯ ಕೇಳಿದಿರಲ್ಲ. ಗಾಜಿನ ಮೇಲೆ ಹಬೆ ಕಟ್ಟಿದರೆ ಮೂಗಿನ ಹತ್ತಿರ ಗಾಳಿ ಸೋರುತ್ತಿರಬಹುದು, ಹಾಗಾಗಿ ಅದನ್ನು ಬರೀ ತೊಂದರೆ ಅಂದುಕೊಳ್ಳಬೇಡಿ. ಮಾಸ್ಕ್‌ನಲ್ಲಿ ಮೂಗಿನ ಮೇಲೆ ಬರುವ ಬಾಗುವ ಪಟ್ಟಿಯನ್ನು ಒಂದೇ ಕೈಯಲ್ಲಿ ಚಿವುಟಬಾರದು, ನಡುವೆ ಚೂಪಾಗಿ ಎದ್ದು ಪಕ್ಕದಲ್ಲಿ ಸಂದಿ ಉಳಿಯುತ್ತದೆ. ಎರಡೂ ಕೈಯ ಬೆರಳುಗಳಿಂದ ನಡುವಿನಿಂದ ಕೆನ್ನೆಯ ಕಡೆಗೆ ಒತ್ತುತ್ತಾ ಕೂರಿಸಬೇಕು. ಆಮೇಲೆ ಮಾಸ್ಕ್ ಮೇಲೆ ಎರಡೂ ಕೈ ಮುಚ್ಚಿ ಜೋರಾಗಿ ಉಸಿರು ಬಿಡಲಿ. ಕಣ್ಣಿಗೆ ಗಾಳಿ ತಾಗಿದರೆ ಮತ್ತೆ ಒತ್ತಲಿ. ಎಷ್ಟು ಒತ್ತಿದರೂ ತಾಗುತ್ತಿದ್ದರೆ ಬೇರೆ ಮಾಡೆಲ್ ಕೇಳಲಿ.