ಆ ಬೆಳ್ಳಿ ತಲೆ ಎರಕದ್ದಲ್ಲ, ಬಡಿದು ಮಾಡಿದ್ದು

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಲ್ಲಿರೋ ಪರ್ಷಿಯನ್ ರಾಜನ ಬೆಳ್ಳಿ ತಲೆ ಎರಕ ಹೊಯ್ದಿದ್ದಾ, ಅದು ಎರಡನೇ ಶಾಪುರ್‌ದೇನಾ ಅಂತ ಕೇಳಿದ್ರಲ್ಲ, ಎರಕ ಅಲ್ವೇ ಅಲ್ಲ. ಒಂದೇ ಒಂದು ಬೆಳ್ಳಿ ತಗಡನ್ನ ಸುತ್ತಿಗೇಲಿ ಬಡಿದು ಬಡಿದು ಎಬ್ಬಿಸಿರೋದು, ಎತ್ತರ ಸುಮಾರು 40 ಸೆಂಟಿಮೀಟರ್. ಬೆಳ್ಳಿ ಬಡಿದಷ್ಟೂ ಗಡುಸಾಗತ್ತೆ, ಹಾಗೇ ಬಡೀತಾ ಹೋದ್ರೆ ಸೀಳತ್ತೆ, ಅದಕ್ಕೆ ನಡುನಡುವೆ ಕಾಯಿಸಿ ಮೆದು ಮಾಡ್ಕೊಂಡು ಮತ್ತೆ ಬಡೀಬೇಕು, ಇಷ್ಟು ಆಳದ ತಲೆ ಎಬ್ಬಿಸೋಕೆ ಎಷ್ಟು ತಾಳ್ಮೆ ಬೇಕು ಯೋಚ್ನೆ ಮಾಡಿ! ಆಮೇಲೆ ಗಡ್ಡ, ಗುಂಗುರು ಕೂದಲು, ಮಣಿಸರ ಎಲ್ಲಾ ಉಳಿಯಿಂದ ತಿದ್ದಿರೋದು. ಕೆಲವು ಕಡೆ ಪಾದರಸದ ಗಿಲೀಟಿದೆ, ಅಂದ್ರೆ ಚಿನ್ನಾನ ಪಾದರಸದಲ್ಲಿ ಕಲಸಿ ಬಳಿದು ಕಾಯಿಸೋದು, ಪಾದರಸ ಆವಿಯಾಗಿ ಹೋಗಿ ಚಿನ್ನ ಅಂಟ್ಕೊಂಡು ಉಳಿಯತ್ತೆ.

ಶಾಪುರ್ ವಿಷಯಕ್ಕೆ ಬಂದ್ರೆ, ಖಂಡಿತ ಅವನೇ ಅಂತ ಹೇಳೋಕಾಗಲ್ಲ. ಸಸಾನಿಯನ್ ರಾಜರನ್ನ, ಅಂದ್ರೆ ಇಸ್ಲಾಂ ಬರೋಕೆ ಮುಂಚೆ ಪರ್ಷಿಯಾ ಆಳಿದ ಶಾಪುರ್‌ನ ವಂಶದವರನ್ನ, ಗುರುತು ಹಿಡಿಯೋದೇ ಕಿರೀಟದಿಂದ, ನಾಣ್ಯದ ಮೇಲೆ ರಾಜನ ಚಿತ್ರದ ಜೊತೆ ಹೆಸರೂ ಇರತ್ತೆ, ಒಬ್ಬೊಬ್ಬರ ಕಿರೀಟಾನೂ ಬೇರೆ ಬೇರೆ. ಈ ತಲೇಲಿ ಕೋಟೆ ತೆನೆ ಥರದ ಕಿರೀಟ, ಅದರ ಮೇಲೆ ಅರ್ಧಚಂದ್ರ, ತುದೀಲಿ ಗೆರೆಗೆರೆ ಇರೋ ಗುಂಡು, ಈ ಜೋಡಣೆ ಯಾವ ನಾಣ್ಯಕ್ಕೂ ಸರಿಯಾಗಿ ಹೊಂದಲ್ಲ. ಶೈಲಿ ನೋಡಿ 4ನೇ ಶತಮಾನ ಅಂತಾರೆ, ಶಾಪುರ್ 309ರಿಂದ 379ರವರೆಗೆ ಆಳಿದ್ರಿಂದ ಅವನ ಹೆಸರು ಬಂದಿದೆ ಅಷ್ಟೇ. ನಂಗಂತೂ ಹೆಸರಿಗಿಂತ ಆ ಕಣ್ಣೇ ಮುಖ್ಯ, ನೆಟ್ಟ ನೋಟ, ಬಾಗಿದ ಮೂಗು, ಫೋಟೋ ಜೂಮ್ ಮಾಡಿ ನೋಡಿ.