ಹೊಸ ಬಣ್ಣದ ಆಸ್ಪತ್ರೆ, ಹತ್ತೇ ದಿನದ ಮಾತ್ರೆ

ಪ್ರಶ್ನೆ: ನಾನು ನಿವೃತ್ತ ಶಾಲಾ ಮೇಷ್ಟ್ರು. ನಮ್ಮೂರಿನ ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರ) ಆರೋಗ್ಯ ರಕ್ಷಾ ಸಮಿತಿಗೆ ಈಚೆಗೆ ನನ್ನನ್ನೂ ಸೇರಿಸಿದ್ದಾರೆ. ಕಟ್ಟಡಕ್ಕೆ ಬಣ್ಣ ಹೊಡೆದಿದ್ದಾರೆ, ಹೊಸ ಕುರ್ಚಿ ಬಂದಿವೆ. ಆದರೆ ಬಿಪಿ, ಶುಗರ್ ಇರುವವರಿಗೆ ಹತ್ತು ದಿನದ ಮಾತ್ರೆ ಕೊಟ್ಟು ಮತ್ತೆ ಬನ್ನಿ ಅನ್ನುತ್ತಾರೆ. ಎಷ್ಟೋ ಜನ ಬರುವುದನ್ನೇ ಬಿಟ್ಟಿದ್ದಾರೆ. ಮುಂದಿನ ಸಭೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಕೇಳೋಣ ಅಂತ ಕೆಲವರು ಹೇಳುತ್ತಿದ್ದಾರೆ. ನೀವೇನಂತೀರಿ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಯಂತ್ರ ಬೇಡ ಮೇಷ್ಟ್ರೇ. ನಡೆಸುವವರಿಲ್ಲದೆ ಅದು ಮೂಲೆಯಲ್ಲಿ ಧೂಳು ಹಿಡಿಯುತ್ತದೆ. ಸಭೆಯಲ್ಲಿ ಒಂದೇ ಮಾತು ಕೇಳಿ: ಇಲ್ಲಿ ಹೆಸರು ಬರೆಸಿದ ಬಿಪಿ ರೋಗಿಗಳಲ್ಲಿ ಎಷ್ಟು ಜನರ ಬಿಪಿ ಈಗ 140/90ಕ್ಕಿಂತ ಕೆಳಗಿದೆ?

ಕೇಂದ್ರ ಸರ್ಕಾರ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೊದಲಾದವರು ಸೇರಿ 2017ರಲ್ಲಿ ಶುರು ಮಾಡಿದ ಬಿಪಿ ನಿಯಂತ್ರಣ ಕಾರ್ಯಕ್ರಮ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಅದರಲ್ಲಿ ದೊಡ್ಡ ಉಪಕರಣ ಯಾವುದೂ ಇಲ್ಲ. ಎಲ್ಲರಿಗೂ ಒಂದೇ ಸರಳ ಚಿಕಿತ್ಸಾ ಕ್ರಮ, ತಿಂಗಳಿಗಾಗುವಷ್ಟು ಮಾತ್ರೆ, ಮನೆ ಹತ್ತಿರವೇ ಮರುತಪಾಸಣೆ, ಬಾರದವರಿಗೆ ಒಂದು ಫೋನು. ಇಷ್ಟಕ್ಕೇ 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು.

ಹತ್ತು ದಿನದ ಮಾತ್ರೆ ಯಾಕೆ? ಹೆಚ್ಚಿನ ಕಡೆ ಫಾರ್ಮಸಿಯವರ ಜಿಪುಣತನ ಅಲ್ಲ, ಇಂಡೆಂಟ್ (ಔಷಧ ಬೇಡಿಕೆ ಪಟ್ಟಿ) ಲೆಕ್ಕದ ತಪ್ಪು. ಹೋದ ವರ್ಷ ಖರ್ಚಾದಷ್ಟನ್ನೇ ಈ ವರ್ಷವೂ ಬರೆಯುತ್ತಾರೆ. ಹೋದ ವರ್ಷ ನಾಲ್ಕು ತಿಂಗಳು ಮಾತ್ರೆಯೇ ಇರಲಿಲ್ಲ ಅನ್ನಿ, ಖರ್ಚೂ ಕಡಿಮೆ ತೋರುತ್ತದೆ. ಹಾಗಾಗಿ ಈ ವರ್ಷವೂ ಕಡಿಮೆಯೇ ಬರುತ್ತದೆ! ಲೆಕ್ಕ ಹಿಡಿಯಬೇಕಾದ್ದು ರೋಗಿಗಳ ತಲೆ ಎಣಿಸಿ. ದಿನಕ್ಕೊಂದು ಅಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆ ನುಂಗುವವರು 300 ಜನ ಇದ್ದರೆ ತಿಂಗಳಿಗೆ 9,000 ಮಾತ್ರೆ. ಅದರ ಮೇಲೆ ಎರಡು ಮೂರು ತಿಂಗಳ ದಾಸ್ತಾನು. ಸಭೆಗೆ ಮುಂಚೆ ಫಾರ್ಮಸಿಯವರ ಜೊತೆ ಕೂತು ಈ ಲೆಕ್ಕ ಹಾಕಿ. ಮೇಷ್ಟ್ರಿಗೆ ಲೆಕ್ಕ ಹೇಳಿಕೊಡಬೇಕೇ! ಮಧ್ಯೆ ದಾಸ್ತಾನು ಮುಗಿದರೆ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಕೊಳ್ಳಲು ಏನು ಮಾಡಬೇಕು ಅಂತ ವೈದ್ಯಾಧಿಕಾರಿಯನ್ನು ಈಗಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು ಕೆಲಸ. ಬಿಪಿ ರಿಜಿಸ್ಟರಿನ ಅಂಕಿಗಳನ್ನು ಸುಮ್ನೆ ನೋಡಿ, ಹೆಸರುಗಳು ಬೇಡ, ಅದು ರೋಗಿಗಳ ಖಾಸಗಿ ವಿಷಯ. ಪುಟಪೂರ್ತಿ 120/80, 130/80, 140/90 ಅಂತಲೇ ಇದ್ದರೆ ಅನುಮಾನ ಪಡಿ. ಡಿಜಿಟಲ್ ಯಂತ್ರ ಸಾಲಾಗಿ ಸೊನ್ನೆಗಳನ್ನೇ ಕೊಡುವುದಿಲ್ಲ. 137/84, 152/91 ಹೀಗೆ ಬರಬೇಕು. ಬಿಪಿ ನೋಡುವ ರೀತಿಯೂ ಮುಖ್ಯ. ನಡೆದು ಬಂದವರನ್ನು ಐದು ನಿಮಿಷ ಕೂರಿಸಬೇಕು, ಬೆನ್ನಿಗೆ ಆಸರೆ ಇರಬೇಕು, ಬಿಪಿ ಯಂತ್ರದ ಪಟ್ಟಿಯನ್ನು ಬರಿ ತೋಳಿಗೆ ಸುತ್ತಬೇಕು, ಆಗ ಮಾತಾಡಿಸಬಾರದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇಲ್ಲದವರಿಗೂ ಜಾಸ್ತಿ ತೋರಿಸುತ್ತದೆ. ದೊಡ್ಡ ಅಳತೆಯ ಒಂದು ಪಟ್ಟಿ ತರಿಸಿಕೊಡಿ, ನಿಮ್ಮ ಕುರ್ಚಿಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಅಂದಹಾಗೆ, ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಅವರು ಯಾರಿಗೂ ಹೇಳದೆ ಮಾತ್ರೆ ಬಿಡುತ್ತಾರೆ. ಬರುವುದನ್ನು ಬಿಟ್ಟವರಲ್ಲಿ ಇಂಥವರೂ ಇರಬಹುದು. ಮಾತ್ರೆ ಬದಲಿಸಿದರೆ ಆಯಿತು, ಆಶಾ ಕಾರ್ಯಕರ್ತೆಯರಿಗೆ ಇದನ್ನು ಕೇಳಿ ನೋಡಲು ಹೇಳಿ.

ಪ್ರಶ್ನೆ: ನಮ್ಮ ಉಪಕೇಂದ್ರದಲ್ಲಿ ಡಾಕ್ಟರ್ ಇಲ್ಲ, ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಮೇಡಂ ಮಾತ್ರ ಇದ್ದಾರೆ. ಅಮ್ಮನ ಬಿಪಿ ಮಾತ್ರೆ ಅವರ ಹತ್ತಿರ ತಗೋಬಹುದಾ?
– ಓದುಗರು, ತುಮಕೂರು ಜಿಲ್ಲೆ

ಉತ್ತರ: ಧಾರಾಳವಾಗಿ. ಚಿಕಿತ್ಸೆ ಶುರು ಮಾಡುವುದು, ಮಾತ್ರೆ ಬದಲಿಸುವುದು ಡಾಕ್ಟರ ಕೆಲಸ. ತಿಂಗಳು ತಿಂಗಳು ಬಿಪಿ ನೋಡಿ ಅದೇ ಮಾತ್ರೆ ಕೊಡುವುದಕ್ಕೆ ಸಿಎಚ್‌ಒಗಳಿಗೆ ತರಬೇತಿ ಇರುತ್ತದೆ. ಅನುಮಾನ ಬಂದರೆ ಅವರು ಇ-ಸಂಜೀವಿನಿಯಲ್ಲಿ (ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ ಸೇವೆ) ಡಾಕ್ಟರ ಜೊತೆ ಅಲ್ಲಿಂದಲೇ ಮಾತಾಡಿಸಬಹುದು. ಹಳೇ ಚೀಟಿ ಮರೆಯದೆ ಒಯ್ಯಿರಿ. ಸತತ ಎರಡು ತಿಂಗಳು 140/90 ದಾಟಿದ್ದರೆ ಅದೇ ಮಾತ್ರೆ ಹಿಡಿದು ವಾಪಸ್ ಬರಬೇಡಿ, ಪಿಎಚ್‌ಸಿ ಡಾಕ್ಟರಿಗೆ ತೋರಿಸಿ. ಎದೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಬಲ ಕಳೆದುಕೊಳ್ಳುವುದು ಕಂಡರೆ ಉಪಕೇಂದ್ರದ ಬಾಗಿಲು ತಟ್ಟುತ್ತಾ ನಿಲ್ಲಬೇಡಿ, ನೇರ 108ಕ್ಕೆ ಫೋನ್ ಮಾಡಿ.