ಫೋನಿನಿಂದ ಕಳಿಸಿದ ಫೋಟೊ ಸ್ಕ್ರೀನಿಗೆ ಬರ್ತಾ ಇಲ್ಲ, ಬೋರ್ಡ್ ಬದಲಿಸಬೇಕಾ?

ಪ್ರಶ್ನೆ: ಬೀದರ್‌ನಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಚೌಬಾರಾ ಹತ್ತಿರ ನಮ್ಮ ಕಾಕಾ ಅವರ ಬಿದ್ರಿ ಅಂಗಡಿ ಇದೆ. ಹೊಸ ಹೂಜಿ, ತಟ್ಟೆಗಳ ಫೋಟೊ ಗಲ್ಲಾ ಪಕ್ಕ ಕಾಣಲಿ ಎಂದು ಇಎಸ್‌ಪಿ32 ಎಂಬ ಚಿಕ್ಕ ವೈಫೈ ಬೋರ್ಡಿಗೆ 320×240ರ ಐಎಲ್‌ಐ9341 ಡಿಸ್‌ಪ್ಲೇ ಜೋಡಿಸಿದ್ದೇನೆ. ಫೋನಿನ ಬ್ರೌಸರ್‌ನಿಂದ ಅಪ್‌ಲೋಡ್ ಮಾಡಿದ ಫೋಟೊ ಲಿಟಲ್‌ಎಫ್‌ಎಸ್‌ನಲ್ಲಿ (ಬೋರ್ಡಿನ ಫ್ಲ್ಯಾಶ್‌ನಲ್ಲಿ ಫೈಲ್ ಇಡುವ ವ್ಯವಸ್ಥೆ) ಸೇವ್ ಆಗಬೇಕು, ಜೆಪೆಗ್ ಫೋಟೊ ಬಿಚ್ಚುವ ಟಿಜೆಪಿಜಿ ಡಿಕೋಡರ್ ಲೈಬ್ರರಿ ಅದನ್ನು ತೋರಿಸಬೇಕು. ಕಂಪ್ಯೂಟರ್‌ನಲ್ಲಿ ಚಿಕ್ಕದು ಮಾಡಿ ಹಾಕಿದ ಫೋಟೊ ಬರುತ್ತದೆ, ಆದರೆ ಬೆಳ್ಳಿ ಗೆರೆಗಳೆಲ್ಲ ಹಸಿರು, ನೇರಳೆ. ಫೋನಿನಿಂದ ಕಳಿಸಿದ್ದು ಬರೋದೇ ಇಲ್ಲ. ಮೆಮೊರಿ ಸಾಲ್ತಾ ಇಲ್ವಾ? ದೊಡ್ಡ ಬೋರ್ಡ್ ತಗೊಳ್ಳಬೇಕಾ ಸರ್?

ಉತ್ತರ: ಬೇಡ, ದುಡ್ಡು ಖರ್ಚು ಮಾಡಬೇಡಿ. ಪೂರ್ತಿ ಚಿತ್ರವನ್ನು ಒಂದೇ ಸಲಕ್ಕೆ ಮೆಮೊರಿಯಲ್ಲಿ ಇಡುವುದಾದರೆ 1,53,600 ಬೈಟ್ ಬೇಕು, ನಿಜ. ಆದರೆ ಈ ಡಿಕೋಡರ್ ಹಾಗೆ ಕೆಲಸ ಮಾಡುವುದಿಲ್ಲ. 8×8 ಅಥವಾ 16×16 ಚೌಕವನ್ನು ಬಿಚ್ಚಿ, ಸ್ಕ್ರೀನಿಗೆ ಕೊಟ್ಟು, ಮುಂದಿನದಕ್ಕೆ ಹೋಗುತ್ತದೆ. ಅದಕ್ಕೆ ನಾಲ್ಕು ಕೆಬಿಯೊಳಗೆ ಜಾಗ ಸಾಕು.

ಕಂಪ್ಯೂಟರ್‌ನಿಂದ ಹಾಕಿದ್ದು ಬರುತ್ತದೆ ಅಂದಮೇಲೆ ಡಿಕೋಡರ್ ಸರಿ ಇದೆ. ಹಾಗಾದರೆ ಫೋನಿನ ಫೈಲ್ ಪೂರ್ತಿ ಬಂದಿದೆಯಾ ಅನ್ನೋದೇ ಮೊದಲು ನೋಡಬೇಕಾದದ್ದು. ಸೇವ್ ಆದ ಫೈಲಿನ ಸೈಜನ್ನು ಸೀರಿಯಲ್ ಮಾನಿಟರ್‌ನಲ್ಲಿ (ಬೋರ್ಡ್ ಕಳಿಸುವ ಸಂದೇಶಗಳನ್ನು ಕಂಪ್ಯೂಟರ್‌ನಲ್ಲಿ ತೋರಿಸುವ ಕಿಟಕಿ) ಪ್ರಿಂಟ್ ಮಾಡಿ, ಫೋನಿನಲ್ಲಿರುವ ಸೈಜಿನ ಜೊತೆ ಹೋಲಿಸಿ.

ಬೋರ್ಡಿನಲ್ಲಿ ಒಂದೂವರೆ ಕೆಬಿಗಿಂತ ಕಡಿಮೆ ಕಂಡರೆ ತಪ್ಪು ನಿಮ್ಮ ಅಪ್‌ಲೋಡ್ ಫಂಕ್ಷನ್‌ನಲ್ಲಿದೆ. ಫೈಲ್ ಒಂದೇ ಏಟಿಗೆ ಬರುವುದಿಲ್ಲ. ಇಎಸ್‌ಪಿ32ರ ವೆಬ್‌ಸರ್ವರ್ ಲೈಬ್ರರಿ ಅದನ್ನು 1,436 ಬೈಟಿನ ತುಂಡುಗಳಾಗಿ ಕೊಡುತ್ತದೆ. ಪ್ರತಿ ತುಂಡಿಗೂ ಫೈಲನ್ನು ಹೊಸದಾಗಿ ರೈಟ್ ಮೋಡ್‌ನಲ್ಲಿ ತೆರೆದರೆ ಹಿಂದಿನದೆಲ್ಲ ಅಳಿಸಿ ಕೊನೆಯ ತುಂಡು ಮಾತ್ರ ಉಳಿಯುತ್ತದೆ. ತೆರೆಯುವುದು 'ಸ್ಟಾರ್ಟ್' ಹಂತದಲ್ಲಿ ಒಂದೇ ಸಲ, ಬರೆಯುವುದು 'ರೈಟ್' ಹಂತದಲ್ಲಿ, ಮುಚ್ಚುವುದು 'ಎಂಡ್'ನಲ್ಲಿ. ಮುಚ್ಚುವುದನ್ನು ಬಿಟ್ಟರೆ ಲಿಟಲ್‌ಎಫ್‌ಎಸ್ ಸೊನ್ನೆ ಬೈಟ್ ತೋರಿಸಬಹುದು.

ಸೈಜ್ ಅರ್ಧಕ್ಕೇ ನಿಂತಿದ್ದರೆ ಜಾಗ ತುಂಬಿದೆ. ಫೋನಿನ ಫೋಟೊ ಮೂರ್ನಾಲ್ಕು ಎಂಬಿ ಇರುತ್ತದೆ. 4 ಎಂಬಿ ಫ್ಲ್ಯಾಶ್‌ನ ಬೋರ್ಡಿನಲ್ಲಿ ಫೈಲುಗಳಿಗೆ ಸಾಮಾನ್ಯವಾಗಿ ಸಿಗುವುದು ಒಂದೂವರೆ ಎಂಬಿಗಿಂತ ಕಡಿಮೆ. ಎಷ್ಟು ಬೈಟ್ ಬರೆಯಿತು ಎಂದು ರೈಟ್ ಫಂಕ್ಷನ್ ತಿರುಗಿ ಹೇಳುತ್ತದೆ, ಅದನ್ನು ನೋಡದೆ ಮುಂದೆ ಹೋಗಬೇಡಿ.

ಸೈಜ್ ಸರಿ ಇದ್ದೂ ಚಿತ್ರ ಬರದಿದ್ದರೆ, ಡಿಕೋಡರ್ ವಾಪಸ್ ಕೊಡುವ ಸಂಖ್ಯೆ ಓದಿ. ತುಂಬಾ ಜನ ಅದನ್ನು ಪ್ರಿಂಟೇ ಮಾಡುವುದಿಲ್ಲ, ಆಮೇಲೆ ವಾರಗಟ್ಟಲೆ ವೈರಿಂಗ್ ಬಿಚ್ಚಿ ಕಟ್ಟುತ್ತಾರೆ. 2 ಅಂದರೆ ಫೈಲ್ ನಡುವೆಯೇ ಮುಗಿದಿದೆ. 6 ಅಂದರೆ ಡೇಟಾ ಕೆಟ್ಟಿದೆ, ಇಲ್ಲವೇ ಅದು ಜೆಪೆಗ್ ಅಲ್ಲವೇ ಅಲ್ಲ. ಮೊದಲ ಎರಡು ಬೈಟ್ ಜೆಪೆಗ್‌ನ ಗುರುತಾದ ಎಫ್‌ಎಫ್, ಡಿ8 ಇವೆಯಾ ನೋಡಿ. ಹೆಸರಿನ ಕೊನೆಗೆ ಜೆಪಿಜಿ ಅಂತ ಇದ್ದೂ ಒಳಗೆ ಪಿಎನ್‌ಜಿ ಅಥವಾ ವೆಬ್‌ಪಿ ಇರುವುದುಂಟು. 8 ಬಂದರೆ ಅದು ಪ್ರೊಗ್ರೆಸಿವ್ ಜೆಪೆಗ್ (ಮೊದಲು ಮಸುಕಾಗಿ ಬಂದು ಹಂತಹಂತವಾಗಿ ಸ್ಪಷ್ಟವಾಗುವ ಬಗೆ) ಇರಬಹುದು. ಈ ಡಿಕೋಡರ್ ಬಿಚ್ಚುವುದು ಮೇಲಿಂದ ಕೆಳಗೆ ಒಂದೇ ಸಲಕ್ಕೆ ಬರುವ ಸಾದಾ ಬೇಸ್‌ಲೈನ್ ಜೆಪೆಗ್ ಮಾತ್ರ.

ನನ್ನ ಸಲಹೆ ಏನೆಂದರೆ, ಭಾರದ ಕೆಲಸವನ್ನು ಫೋನಿಗೇ ಬಿಡಿ. ಅಪ್‌ಲೋಡ್ ಪೇಜಿನಲ್ಲಿ ನಾಲ್ಕು ಸಾಲು ಜಾವಾಸ್ಕ್ರಿಪ್ಟ್ ಸೇರಿಸಿ: ಫೋಟೊವನ್ನು 320×240ರ ಕ್ಯಾನ್ವಾಸ್ ಮೇಲೆ ಬಿಡಿಸಿ, ಕ್ಯಾನ್ವಾಸ್‌ನ 'ಟುಬ್ಲಾಬ್' ಫಂಕ್ಷನ್‌ನಿಂದ 0.8 ಗುಣಮಟ್ಟದ ಜೆಪೆಗ್ ಮಾಡಿ, ಅದನ್ನೇ ಕಳಿಸಿ. ಫೈಲ್ ಕೆಲವು ಹತ್ತಾರು ಕೆಬಿಗೆ ಇಳಿಯುತ್ತದೆ, ಪ್ರೊಗ್ರೆಸಿವ್ ತಾಪತ್ರಯವೂ ತಪ್ಪುತ್ತದೆ. ಫೋನ್ ನೆಟ್ಟಗೆ ಹಿಡಿದು ತೆಗೆದ ಫೋಟೊ ಅಡ್ಡ ಬೀಳುವುದೂ ಇಲ್ಲ, ಯಾಕೆಂದರೆ ಎಕ್ಸಿಫ್‌ನಲ್ಲಿರುವ (ಫೋಟೊ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ಮಾಹಿತಿ) ದಿಕ್ಕನ್ನು ಈಗಿನ ಬ್ರೌಸರ್‌ಗಳು ಓದುತ್ತವೆ, ನಿಮ್ಮ ಡಿಕೋಡರ್ ಓದುವುದಿಲ್ಲ. ಉದ್ದ–ಅಗಲದ ಅನುಪಾತ ಮಾತ್ರ ಕಾಪಾಡಿ, ಇಲ್ಲದಿದ್ದರೆ ಹೂಜಿ ಚಪ್ಪಟೆಯಾಗುತ್ತದೆ.

ಇನ್ನು ಬಣ್ಣ. ಒಂದು ಪಿಕ್ಸೆಲ್‌ಗೆ ಎರಡು ಬೈಟ್. ಅವು ಹಿಂದುಮುಂದಾಗಿವೆ, ಅಷ್ಟೇ. ಅಚ್ಚ ಕಪ್ಪು ಸೊನ್ನೆ ಸೊನ್ನೆ, ಅಚ್ಚ ಬಿಳಿ ಎಫ್‌ಎಫ್ ಎಫ್‌ಎಫ್. ತಿರುಗಿಸಿದರೂ ಇವೆರಡೂ ಬದಲಾಗುವುದಿಲ್ಲ. ಹಾಗಾಗಿ ಬಿದ್ರಿಯ ಕಪ್ಪು ಸರಿಯಾಗೇ ಕಂಡು, ಬೆಳ್ಳಿಯ ಬೂದು ಛಾಯೆಗಳು ಮಾತ್ರ ಹಸಿರು, ನೇರಳೆ ಆಗಿವೆ. ಡಿಕೋಡರ್‌ಗೆ 'ಸೆಟ್‌ಸ್ವಾಪ್‌ಬೈಟ್ಸ್' ಟ್ರೂ ಎಂದು ಕೊಡಿ, ಈಗಾಗಲೇ ಟ್ರೂ ಇದ್ದರೆ ಫಾಲ್ಸ್ ಮಾಡಿ. ಸೆಟಪ್‌ನಲ್ಲಿ ಒಂದು ಸಲ ಬರೆದರೆ ಸಾಕು.